ಶೂನ್ಯವನ್ನು ಕಾದಿರಿಸಿದ ಭಾಸ್ಕರಾಚಾರ್ಯರು

ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಈಚೆಗೆ ಒಂದು ಸಂಜೆ ಕಿರಿಯ ಮಗಳು ಇಂಟರ್‌ಮೀಡಿಯಟ್ ಮೊದಲ ವರ್ಷದ ಗಣಿತ ಪುಸ್ತಕವನ್ನು ನನ್ನ ಮುಂದಿಟ್ಟು ಒಂದು ಸಂದೇಹ ಕೇಳಿದಳು. ಕಲಾ ಪದವೀಧರನಾದ ನನಗೂ ಗಣಿತಕ್ಕೂ ಇರುವ ನಂಟು ಬ್ಯಾಂಕಿನ ಬಡ್ಡಿ ಲೆಕ್ಕದಷ್ಟೇ. ಆದರೂ ತಂದೆಯಾದವನು ಪುಸ್ತಕವನ್ನು ಬಿಡಿಸಿ ನೋಡದೆ ಇರಲಾಗದು. ಕಲನಶಾಸ್ತ್ರದ ಮೊದಲ ಅಧ್ಯಾಯ. ಲಿಮಿಟ್, ಅಂದರೆ ಮಿತಿಯನ್ನು ಕಂಡುಹಿಡಿಯುವ ಲೆಕ್ಕಗಳು. ಒಂದು ಸಂಖ್ಯೆಯ ವರ್ಗದಿಂದ 4 ಕಳೆಯಬೇಕು, ಅದೇ ಸಂಖ್ಯೆಯಿಂದ 2 ಕಳೆಯಬೇಕು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಆ ಸಂಖ್ಯೆಯು 2ರ ಹತ್ತಿರ ಹತ್ತಿರಕ್ಕೆ ಬಂದಂತೆ ಭಾಗಲಬ್ಧವು ಯಾವುದರ ಹತ್ತಿರಕ್ಕೆ ಹೋಗುತ್ತದೆ ಎಂಬುದು ಪ್ರಶ್ನೆ.

ನೇರವಾಗಿ 2ನ್ನೇ ಇಟ್ಟು ನೋಡಿದರೆ ಮೇಲೆಯೂ ಸೊನ್ನೆ, ಕೆಳಗೂ ಸೊನ್ನೆ; ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. 1.9 ಇಟ್ಟರೆ 3.9 ಬರುತ್ತದೆ, 1.99 ಇಟ್ಟರೆ 3.99. ಆಚೆಯ ಕಡೆಯಿಂದ 2.01 ಇಟ್ಟರೆ 4.01. ಎರಡೂ ಕಡೆಯಿಂದ ದಾರಿ ಸಾಗುವುದು 4ರ ಕಡೆಗೆ. ಮಗಳು ಅಪವರ್ತನ ಮಾಡಿ, ಮೇಲೆಯೂ ಕೆಳಗೂ ಇದ್ದ ಸಮಾನ ಭಾಗವನ್ನು ಹೊಡೆದುಹಾಕಿ ಅದೇ 4ನ್ನು ತೆಗೆದಿದ್ದಳು. ಅವಳ ಸಂದೇಹ ಉತ್ತರದ ಬಗ್ಗೆ ಆಗಿರಲಿಲ್ಲ. ಹೊಡೆದುಹಾಕಿದ ಆ ಭಾಗ ಕೊನೆಗೆ ಸೊನ್ನೆಯೇ ಆಗುವುದಾದರೆ, ಸೊನ್ನೆಯಿಂದ ಭಾಗಿಸಬಾರದೆಂದು ಚಿಕ್ಕ ತರಗತಿಯಿಂದಲೂ ಹೇಳಿಕೊಟ್ಟವರು ಈಗ ಅದನ್ನೇ ಹೇಗೆ ಮಾಡಿಸುತ್ತಿದ್ದಾರೆ ಎಂಬುದು ಅವಳ ಪ್ರಶ್ನೆಯಾಗಿತ್ತು.

ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಹಿಂದೊಮ್ಮೆ ಓದಿದ್ದ ಲೀಲಾವತಿಯ ಒಂದು ಲೆಕ್ಕ ನೆನಪಾಯಿತು. ಅಲ್ಲಿಯೂ ಸೊನ್ನೆಯಿಂದ ಗುಣಿಸಿ, ಸೊನ್ನೆಯಿಂದಲೇ ಭಾಗಿಸಿ, ಕೊನೆಗೆ ಒಂದು ಒಳ್ಳೆಯ ಉತ್ತರ ಬರುತ್ತದೆ. ಅದನ್ನು ಬರೆದವರು ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು. ಅವರ ಹೆಸರನ್ನು ಕೇಳದ ಕನ್ನಡಿಗರಿಲ್ಲ; ಆದರೆ ಅವರ ಬದುಕು ಮತ್ತು ಕೆಲಸವನ್ನು ಸರಿಯಾಗಿ ತಿಳಿದವರು ನಮ್ಮಲ್ಲಿ ಕಡಿಮೆ. ಬಿಡುವಿನ ವೇಳೆಯಲ್ಲಿ ಓದಿ ತಿಳಿದುಕೊಂಡದ್ದನ್ನು ನಮ್ಮ ಓದುಗರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ನಮ್ಮ ಪ್ರಾಚೀನ ವಿದ್ವಾಂಸರ ಕಾಲವನ್ನು ನಿರ್ಣಯಿಸುವುದೆಂದರೆ ಸಾಮಾನ್ಯವಾಗಿ ದೊಡ್ಡ ತಲೆನೋವು. ಭಾಸ್ಕರಾಚಾರ್ಯರು ಆ ತೊಂದರೆ ಕೊಟ್ಟಿಲ್ಲ. ಶಕ ವರ್ಷ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ತಾವು ಹುಟ್ಟಿದುದಾಗಿಯೂ, ಮೂವತ್ತಾರನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದುದಾಗಿಯೂ ಅವರೇ ಗೋಲಾಧ್ಯಾಯದ ಕೊನೆಯಲ್ಲಿ ಶ್ಲೋಕರೂಪದಲ್ಲಿ ತಿಳಿಸಿದ್ದಾರೆ. ಶಾಂಡಿಲ್ಯ ಗೋತ್ರ; ತಂದೆ ಮಹೇಶ್ವರರು; ವಿದ್ಯೆ ಕಲಿತದ್ದು ತಂದೆಯವರಲ್ಲಿಯೇ. ಊರು ಸಹ್ಯಾದ್ರಿಯ ಆಶ್ರಯದಲ್ಲಿರುವ ವಿಜ್ಜಡವಿಡ.

ಈ ವಿಜ್ಜಡವಿಡ ಯಾವುದು ಎಂಬಲ್ಲಿಂದ ವಿವಾದ ಮೊದಲಾಗುತ್ತದೆ. ಅದು ನಮ್ಮ ಬಿಜಾಪುರವೇ, ಅಂದರೆ 2014ರಿಂದ ವಿಜಯಪುರವೆಂದು ಕರೆಯಲ್ಪಡುತ್ತಿರುವ ನಗರವೇ, ಎಂಬುದು ಕರ್ನಾಟಕದಲ್ಲಿ ಬೆಳೆದ ನಮ್ಮೆಲ್ಲರ ನಂಬಿಕೆ. ಶಾಲೆಯಲ್ಲಿ ನಾವು ಓದಿದ್ದೂ ಹಾಗೆಯೇ. ಮಹಾರಾಷ್ಟ್ರದವರು ಜಳಗಾಂವ್ ಜಿಲ್ಲೆಯ ಚಾಳೀಸಗಾಂವ್ ಬಳಿಯ ಪಾಟಣದ ಸುತ್ತಮುತ್ತಲಿನ ಪ್ರದೇಶವನ್ನು ತೋರಿಸುತ್ತಾರೆ. ಪಕ್ಷಪಾತವಿಲ್ಲದೆ ನೋಡಿದರೆ ಅವರ ವಾದಕ್ಕೆ ಬಲ ಹೆಚ್ಚೆಂದು ಒಪ್ಪಬೇಕಾಗುತ್ತದೆ. ಬಿಜಾಪುರ ಬಯಲುಸೀಮೆ, ಅಲ್ಲಿಂದ ಸಹ್ಯಾದ್ರಿ ದೂರ. ಪಾಟಣದಲ್ಲಾದರೋ ಬೆಟ್ಟವೂ ಇದೆ, ಈ ಮನೆತನದ ಶಾಸನವೂ ಇದೆ. ಹಾಗೆಂದು ನಾವು ಮುಖ ಬಾಡಿಸಬೇಕಾಗಿಲ್ಲ. 1114ರಲ್ಲಿ ಈ ಎರಡೂ ಕಡೆಗಳಲ್ಲಿ ಕಲ್ಯಾಣದ ಚಾಲುಕ್ಯರ ಅಧಿಕಾರ ನಡೆಯುತ್ತಿತ್ತು. ಪಾಟಣದ ಕಡೆಯ ಸೇವುಣ ಯಾದವರು ಅವರ ಸಾಮಂತರು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯ. ಬಿಲ್ಹಣನಿಗೂ, ಮಿತಾಕ್ಷರದ ವಿಜ್ಞಾನೇಶ್ವರನಿಗೂ ಆಶ್ರಯ ಕೊಟ್ಟ ಚಕ್ರವರ್ತಿ ಅವನೇ. ಹುಟ್ಟಿದ ಊರು ಯಾವುದೇ ಆಗಿರಲಿ, ಭಾಸ್ಕರರು ಕನ್ನಡದ ಚಕ್ರವರ್ತಿಯೊಬ್ಬನ ಆಳ್ವಿಕೆಯಲ್ಲಿ ಕಣ್ಣು ಬಿಟ್ಟವರು.

ಮನೆತನವೂ ಸಾಮಾನ್ಯದ್ದಲ್ಲ. ಪಾಟಣದ ಶಾಸನ ಏಳೆಂಟು ತಲೆಮಾರುಗಳ ವಂಶಾವಳಿಯನ್ನು ಕೊಡುತ್ತದೆ. ಕವಿಯಾಗಿದ್ದ ತ್ರಿವಿಕ್ರಮ, ಭೋಜರಾಜನಿಂದ ವಿದ್ಯಾಪತಿ ಎಂಬ ಬಿರುದು ಪಡೆದ ಭಾಸ್ಕರಭಟ್ಟ, ಬಳಿಕ ಗೋವಿಂದ, ಪ್ರಭಾಕರ, ಮನೋರಥ, ಮಹೇಶ್ವರ. ಮಹೇಶ್ವರರ ಮಗ ನಮ್ಮ ಭಾಸ್ಕರಾಚಾರ್ಯರು. ತಂದೆಯಿಂದ ಮಗನಿಗೆ ಶಾಸ್ತ್ರ ಹರಿದುಬಂದ ಮನೆ ಅದು.

1150ರಲ್ಲಿ ಮುಗಿದ ಸಿದ್ಧಾಂತಶಿರೋಮಣಿಗೆ ನಾಲ್ಕು ಭಾಗಗಳು: ಲೀಲಾವತಿ, ಬೀಜಗಣಿತ, ಗ್ರಹಗಣಿತ ಮತ್ತು ಗೋಲಾಧ್ಯಾಯ. ಶ್ಲೋಕಗಳನ್ನು ಬರೆದುದಲ್ಲದೆ, ಸೂತ್ರಗಳಿಗೆ ಕಾರಣವನ್ನು ವಿವರಿಸುವ ವಾಸನಾಭಾಷ್ಯವನ್ನೂ ಅವರೇ ಬರೆದರು. ಹೀಗೆ ಮಾಡಿದರೆ ಉತ್ತರ ಬರುತ್ತದೆ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವವರ ನಡುವೆ, ಏಕೆ ಬರುತ್ತದೆ ಎಂದು ಹೇಳಲು ಕುಳಿತವರು ಅವರು. ಬ್ರಹ್ಮಗುಪ್ತ, ಶ್ರೀಧರ, ಪದ್ಮನಾಭ ಮೊದಲಾದ ಹಿಂದಿನವರ ವಿಸ್ತಾರವಾದ ಗ್ರಂಥಗಳ ಸಾರವನ್ನು ತೆಗೆದುಕೊಂಡುದಾಗಿ ಬೀಜಗಣಿತದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಲೀಲಾವತಿ ಜನರ ಬಾಯಲ್ಲಿ ಉಳಿದ ಪುಸ್ತಕ. ದುಂಬಿಗಳು, ತಾವರೆ, ಹಾವನ್ನು ಹಿಡಿಯಲು ಎರಗುವ ನವಿಲು, ಇವೆಲ್ಲ ಅಲ್ಲಿ ಲೆಕ್ಕಗಳಾಗುತ್ತವೆ. ಬ್ಯಾಂಕಿನವನಾದ ನನಗೆ ಹೆಚ್ಚು ಹಿಡಿಸಿದ್ದು ಬಡ್ಡಿಯ ಒಂದು ಲೆಕ್ಕ. 94 ನಿಷ್ಕಗಳನ್ನು ಮೂರು ಪಾಲು ಮಾಡಿ ತಿಂಗಳಿಗೆ ನೂರಕ್ಕೆ 5, 3 ಮತ್ತು 4ರ ದರದಲ್ಲಿ ಸಾಲ ಕೊಡಲಾಗಿದೆ, ಕ್ರಮವಾಗಿ 7, 10 ಮತ್ತು 5 ತಿಂಗಳಲ್ಲಿ ಮೂರಕ್ಕೂ ಒಂದೇ ಮೊತ್ತದ ಬಡ್ಡಿ ಬರುತ್ತದೆ, ಪಾಲುಗಳೆಷ್ಟು? ಉತ್ತರ 24, 28 ಮತ್ತು 42. ಬಡ್ಡಿ ಪ್ರತಿಯೊಂದಕ್ಕೂ 8.4 ನಿಷ್ಕ. ತಿಂಗಳಿಗೆ ನೂರಕ್ಕೆ ಐದೆಂದರೆ ವರ್ಷಕ್ಕೆ ಅರವತ್ತು! ಇಂದು ಯಾವ ಬ್ಯಾಂಕ್ ಕೇಳಿದರೂ ಗ್ರಾಹಕರು ಬಾಗಿಲು ಮುರಿಯುತ್ತಾರೆ.

ಲೀಲಾವತಿ ಎಂಬಾಕೆ ಭಾಸ್ಕರರ ಮಗಳೆಂದೂ, ಮುಹೂರ್ತ ನೋಡಲು ಇಟ್ಟಿದ್ದ ನೀರಿನ ಗಡಿಯಾರದಲ್ಲಿ ಅವಳ ಆಭರಣದ ಮುತ್ತೊಂದು ಬಿದ್ದು ರಂಧ್ರ ಮುಚ್ಚಿಹೋಗಿ ಮದುವೆ ತಪ್ಪಿತೆಂದೂ, ಅವಳನ್ನು ಸಮಾಧಾನಪಡಿಸಲು ತಂದೆ ಅವಳ ಹೆಸರಿನಲ್ಲಿ ಪುಸ್ತಕ ಬರೆದರೆಂದೂ ಒಂದು ಕಥೆ ಎಲ್ಲರಿಗೂ ಗೊತ್ತು. ಅದು ಬಂದಿರುವುದು 1587ರಲ್ಲಿ ಅಕ್ಬರನ ಆಸ್ಥಾನ ಕವಿ ಫೈಜಿ ಮಾಡಿದ ಪಾರಸಿ ಅನುವಾದದ ಮುನ್ನುಡಿಯಿಂದ. ಗ್ರಂಥ ಹುಟ್ಟಿ ನಾಲ್ಕು ಶತಮಾನ ಕಳೆದ ಮೇಲೆ. ಕಥೆ ಸೊಗಸಾಗಿದೆ, ಇತಿಹಾಸವೆಂದು ನಾನು ಹೇಳಲಾರೆ. ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮ ಜೈನ ಕವಿ ರಾಜಾದಿತ್ಯನೂ ಕನ್ನಡದಲ್ಲಿ ಲೀಲಾವತಿ ಎಂಬ ಹೆಸರಿನ ಗಣಿತಗ್ರಂಥ ಬರೆದನೆಂಬುದನ್ನು ಇಲ್ಲಿ ನೆನೆಯಬಹುದು.

ಈಗ ಮಗಳ ಸಂದೇಹಕ್ಕೆ ಬರೋಣ. ಸೊನ್ನೆಯನ್ನು ಬೇರೆ ಅಂಕಿಗಳಂತೆ ಕೂಡಿ ಕಳೆಯುವ ನಿಯಮಗಳನ್ನು 628ರಲ್ಲಿಯೇ ಬ್ರಹ್ಮಗುಪ್ತರು ಬರೆದಿದ್ದರು. ತೊಡಕು ಬಂದದ್ದು ಭಾಗಾಕಾರದಲ್ಲಿ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೇ ಎಂದು ಅವರು ಹೇಳಿಬಿಟ್ಟರು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ನಮ್ಮ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಇನ್ನೊಂದು ಮಾತು ಹೇಳಿದರು: ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದು. ಯಾರಿಗೂ ಹಂಚದಿದ್ದರೆ ಇದ್ದುದು ಇದ್ದಂತೆಯೇ ಇರುತ್ತದೆಯಲ್ಲ ಎಂಬಂಥ ಯೋಚನೆ ಇರಬೇಕು. ಮಹಾವೀರರು ಕನ್ನಡ ನಾಡಿನ ಹೆಮ್ಮೆ. ಆದರೂ ಇಲ್ಲಿ ಅವರು ತಪ್ಪಿದರು.

ಭಾಸ್ಕರರು ಸೊನ್ನೆಯಿಂದ ಭಾಗಿಸಲ್ಪಟ್ಟ ರಾಶಿಗೆ ಖಹರ ಎಂದು ಪ್ರತ್ಯೇಕವಾದ ಹೆಸರು ಕೊಟ್ಟರು. ಖ ಎಂದರೆ ಆಕಾಶ, ಶೂನ್ಯ. ಹರ ಎಂದರೆ ಭಾಜಕ, ಅಂದರೆ ಭಾಗಿಸುವ ಸಂಖ್ಯೆ. ಭಾಜಕ ಚಿಕ್ಕದಾದಷ್ಟೂ ಭಾಗಲಬ್ಧ ದೊಡ್ಡದಾಗುತ್ತದೆ. ಹತ್ತನ್ನು ಹತ್ತನೆಯ ಒಂದರಿಂದ ಭಾಗಿಸಿದರೆ ನೂರು, ನೂರನೆಯ ಒಂದರಿಂದ ಭಾಗಿಸಿದರೆ ಸಾವಿರ. ಇದಕ್ಕೆ ಕೊನೆಯಿಲ್ಲ. ಆದುದರಿಂದ ಖಹರವು ಅನಂತ. ಅದಕ್ಕೆ ಎಷ್ಟು ಕೂಡಿಸಿದರೂ ಎಷ್ಟು ಕಳೆದರೂ ವಿಕಾರವಿಲ್ಲ. ಸೃಷ್ಟಿಕಾಲದಲ್ಲಿ ಜೀವರಾಶಿಗಳು ಹೊರಬಂದರೂ, ಪ್ರಳಯಕಾಲದಲ್ಲಿ ಒಳಸೇರಿದರೂ ಬದಲಾಗದ ಅಚ್ಯುತನಿಗೆ ಅವರು ಅದನ್ನು ಹೋಲಿಸಿದ್ದಾರೆ.

ಅದಕ್ಕಿಂತ ನನಗೆ ಆಶ್ಚರ್ಯವೆನಿಸಿದ್ದು ಲೀಲಾವತಿಯ ಇನ್ನೊಂದು ನಿಯಮ. ಒಂದು ರಾಶಿಯನ್ನು ಸೊನ್ನೆಯಿಂದ ಗುಣಿಸಬೇಕಾಗಿ ಬಂದು, ಲೆಕ್ಕ ಇನ್ನೂ ಮುಂದುವರಿಯುವುದಿದ್ದರೆ, ತಕ್ಷಣ ಸೊನ್ನೆ ಎಂದು ಬರೆದು ಮುಗಿಸಬೇಡಿ ಎನ್ನುತ್ತಾರೆ. ಅದನ್ನು ಖಗುಣ, ಅಂದರೆ ಸೊನ್ನೆಯಿಂದ ಗುಣಿತವಾದದ್ದು, ಎಂಬ ಗುರುತಿನೊಡನೆ ಹಾಗೆಯೇ ಇಟ್ಟುಕೊಳ್ಳಬೇಕು. ಮುಂದೆ ಎಲ್ಲಿಯಾದರೂ ಸೊನ್ನೆಯೇ ಭಾಜಕವಾಗಿ ಬಂದರೆ ಗುಣಿಸಿದ ಸೊನ್ನೆಯೂ ಭಾಗಿಸಿದ ಸೊನ್ನೆಯೂ ತೀರಿಹೋಗಿ ಮೂಲ ರಾಶಿ ಹಾಗೆಯೇ ಉಳಿಯುತ್ತದೆ. ಬ್ಯಾಂಕಿನಲ್ಲಿ ಇಂಥ ಒಂದು ವ್ಯವಸ್ಥೆ ನಮಗೆ ಚಿರಪರಿಚಿತ. ಜೋಡಿ ಸಿಗದ ಜಮೆಯನ್ನು ನಾವು ಅಳಿಸಿಹಾಕುವುದಿಲ್ಲ. ಸಸ್ಪೆನ್ಸ್ ಖಾತೆಯಲ್ಲಿ ಇಟ್ಟಿರುತ್ತೇವೆ. ಅದರ ಜೋಡಿ ಬಂದ ದಿನ ಎರಡನ್ನೂ ಹೊಂದಿಸಿ ಮುಗಿಸುತ್ತೇವೆ. ಭಾಸ್ಕರರು ಸೊನ್ನೆಗೆ ಅಂಥದೊಂದು ಖಾತೆ ತೆರೆದರು.

ಅವರು ಕೊಟ್ಟ ಉದಾಹರಣೆ ಹೀಗಿದೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದುದಕ್ಕೆ ಅದರ ಅರ್ಧವನ್ನು ಕೂಡಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಬರುತ್ತದೆ, ಸಂಖ್ಯೆ ಯಾವುದು? ಅವರ ಉತ್ತರ 14. ಹದಿನಾಲ್ಕು, ಅದರ ಅರ್ಧ ಏಳು, ಕೂಡಿದರೆ ಇಪ್ಪತ್ತೊಂದು, ಮೂರರಿಂದ ಗುಣಿಸಿದರೆ ಅರವತ್ತಮೂರು. ಮೊದಲಿಗೇ ಸೊನ್ನೆ ಎಂದು ಬರೆದಿದ್ದರೆ ಈ ಲೆಕ್ಕ ಹುಟ್ಟುತ್ತಲೇ ಸಾಯುತ್ತಿತ್ತು. ಈ ಲೆಕ್ಕವನ್ನೇ ಮಗಳಿಗೆ ಕೊಟ್ಟೆ. ಅವಳು ಸೊನ್ನೆಯ ಜಾಗದಲ್ಲಿ 0.001 ಇಟ್ಟಳು. 0.014ಕ್ಕೆ 0.007 ಕೂಡಿದರೆ 0.021, ಮೂರರಿಂದ ಗುಣಿಸಿದರೆ 0.063, 0.001ರಿಂದ ಭಾಗಿಸಿದರೆ 63. ಹತ್ತು ಲಕ್ಷದ ಒಂದಂಶ ಇಟ್ಟರೂ 63 ಕದಲಲಿಲ್ಲ. ಸೊನ್ನೆಯಿಂದ ಭಾಗಿಸಿದ್ದೇ ಇಲ್ಲ, ಸೊನ್ನೆಯಾಗುವ ಮುಂಚೆ ಭಾಗಿಸಿದ್ದು ಎಂಬುದು ಅವಳಿಗೆ ಆಗ ತಿಳಿಯಿತು. ಅವಳಿಂದ ನನಗೂ ತಿಳಿಯಿತು.

ಆದರೆ ಈ ನಿಯಮಕ್ಕೂ ಒಂದು ಎಲ್ಲೆಯಿದೆ. ಮೇಲಿನ ಸೊನ್ನೆಯೂ ಕೆಳಗಿನ ಸೊನ್ನೆಯೂ ಒಂದೇ ಕಡೆಯಿಂದ ಬಂದದ್ದಾಗಿದ್ದರೆ ಮಾತ್ರ ಅದು ಸರಿ. ಮಗಳ ಪುಸ್ತಕದ ಲೆಕ್ಕದಲ್ಲಿ ವರ್ಗದ ಬದಲು ಘನವನ್ನು ತೆಗೆದುಕೊಂಡು 8 ಕಳೆದು ನೋಡಿ. 2ರ ಬಳಿ ಆಗಲೂ ಮೇಲೆ ಸೊನ್ನೆ, ಕೆಳಗೆ ಸೊನ್ನೆ. ಆದರೆ ಮಿತಿ 4 ಅಲ್ಲ, 12. ಸೊನ್ನೆಗಳೆಲ್ಲ ನೋಡಲು ಒಂದೇ. ಅವು ನಡೆದುಬಂದ ದಾರಿ ಬೇರೆ ಬೇರೆ. ಆ ದಾರಿಯನ್ನು ಲೆಕ್ಕಕ್ಕೆ ತರುವ ಸಾಧನವೇ ಮಿತಿ. ಲೀಲಾವತಿಯ ನಿಯಮ ಅದರ ಹೊಸ್ತಿಲವರೆಗೆ ಬಂದು ನಿಂತಿದೆ. ಈ ಲೆಕ್ಕಾಚಾರ ಗ್ರಹಗಣಿತದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ ಎಂದು ಭಾಸ್ಕರರು ಅಲ್ಲಿಯೇ ಸೂಚಿಸಿದ್ದಾರೆ. ಗ್ರಹಗಣಿತಕ್ಕೆ ಹೋದರೆ ಅವರು ಏನನ್ನು ಹುಡುಕುತ್ತಿದ್ದರೆಂಬುದು ಗೊತ್ತಾಗುತ್ತದೆ.

ಅವರು ಹುಡುಕುತ್ತಿದ್ದುದು ಚಂದ್ರನ ವೇಗವನ್ನು. ಮನೆಯಲ್ಲಿ ಏಕಾದಶಿಯೋ ಸಂಕಷ್ಟಿಯೋ ಬಂದರೆ ತಿಥಿ ಎಷ್ಟು ಗಂಟೆಯವರೆಗಿದೆ ಎಂದು ನಾವು ಕ್ಯಾಲೆಂಡರ್ ನೋಡುತ್ತೇವೆ. ಚಂದ್ರನು ಸೂರ್ಯನಿಗಿಂತ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ ಮುಗಿಯಿತು. ಚಂದ್ರನು ದಿನಕ್ಕೆ ಸರಾಸರಿ 13 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಚಲಿಸುತ್ತಾನೆ. ಆದರೆ ಅವನ ನಡಿಗೆ ಸಮನಲ್ಲ. ಕೆಲವು ದಿನ 12 ಡಿಗ್ರಿಯಷ್ಟು ನಿಧಾನ, ಕೆಲವು ದಿನ 15ರಷ್ಟು ಚುರುಕು. ಒಂದೇ ದಿನದೊಳಗೂ ಬೆಳಗಿನ ವೇಗ ಸಂಜೆಗಿಲ್ಲ. ಹಾಗಿರುವಾಗ ಇಂದಿನ ಸ್ಥಾನವನ್ನು ನಾಳಿನ ಸ್ಥಾನದಿಂದ ಕಳೆದು ಬಂದುದನ್ನೇ ವೇಗವೆಂದು ಹಿಡಿದರೆ ತಿಥಿಯ ಅಂತ್ಯ ಹೆಚ್ಚುಕಡಿಮೆಯಾಗುತ್ತದೆ.

ನನ್ನ ವೃತ್ತಿಯಿಂದ ಒಂದು ಹೋಲಿಕೆ ಕೊಡಬಹುದಾದರೆ, 2010ರ ಮಾರ್ಚ್ ಕೊನೆಯವರೆಗೆ ಉಳಿತಾಯ ಖಾತೆಗೆ ಬಡ್ಡಿ ಲೆಕ್ಕ ಹಾಕುತ್ತಿದ್ದುದು ತಿಂಗಳ 10ನೆಯ ತಾರೀಕಿನಿಂದ ಕೊನೆಯ ದಿನದವರೆಗೆ ಇದ್ದ ಕನಿಷ್ಠ ಮೊತ್ತದ ಮೇಲೆ. 12ನೆಯ ತಾರೀಕು ದೊಡ್ಡ ಹಣ ಕಟ್ಟಿದವರಿಗೆ ಆ ತಿಂಗಳು ಅದರ ಮೇಲೆ ಬಿಡಿಗಾಸೂ ಇಲ್ಲ. ಅದು ನ್ಯಾಯವೇ ಎಂದು ಕೌಂಟರಿನ ಮುಂದೆ ನಿಂತು ಕೇಳಿದ ನಿವೃತ್ತ ಹಿರಿಯರ ಮುಖಗಳು ನನಗಿನ್ನೂ ನೆನಪಿವೆ. 2010ರ ಏಪ್ರಿಲ್ 1ರಿಂದ ದಿನದಿನದ ಉಳಿಕೆಯ ಮೇಲೆ ಲೆಕ್ಕ ಬಂದಿತು. ಇಡೀ ತಿಂಗಳಿಗೆ ಒಂದೇ ಅಂಕಿ ಹಿಡಿಯುವುದು ಒರಟು ಲೆಕ್ಕ, ದಿನದ ಲೆಕ್ಕ ಸೂಕ್ಷ್ಮ. ಭಾಸ್ಕರರು ದಿನದ ಲೆಕ್ಕವನ್ನೇ ಒರಟು ಎಂದರು. ಅದನ್ನು ಸ್ಥೂಲಗತಿ ಎಂದು ಕರೆದು, ಆ ಕ್ಷಣಕ್ಕೆ ಇರುವ ವೇಗವನ್ನು ತಾತ್ಕಾಲಿಕ ಗತಿ ಎಂದು ಬೇರ್ಪಡಿಸಿದರು. ತಿಥಿಯ ಅಂತ್ಯ ಸಮೀಪದಲ್ಲಿದ್ದರೆ ಚಂದ್ರನಿಗೆ ಈ ತಾತ್ಕಾಲಿಕ ಗತಿಯನ್ನೇ ಬಳಸಬೇಕೆಂದೂ, ಅವನ ಚಲನೆ ಬಹಳವಾಗಿಯೂ ಕ್ಷಣಕ್ಷಣಕ್ಕೆ ಬೇರೆಯಾಗಿಯೂ ಇರುವುದೇ ಅದಕ್ಕೆ ಕಾರಣವೆಂದೂ ವಿವರಿಸಿದರು.

ಕ್ಷಣದ ವೇಗವೆಂದರೆ ಏನು? ಆ ಕ್ಷಣದಲ್ಲಿ ಚಲಿಸಿದ ದೂರ ಸೊನ್ನೆ, ಹಿಡಿದ ಕಾಲವೂ ಸೊನ್ನೆ. ಮತ್ತೆ ಅದೇ ಸೊನ್ನೆಯ ಮೇಲೆ ಸೊನ್ನೆ!

ಗ್ರಹದ ಸ್ಥಾನವನ್ನು ಅಂದಿನವರು ಜ್ಯಾ ಕೋಷ್ಟಕದಿಂದ ತೆಗೆಯುತ್ತಿದ್ದರು. ಇಂದು ಮಕ್ಕಳು ಸೈನ್ ಎಂದು ಕಲಿಯುವುದನ್ನು 3438ರಿಂದ ಗುಣಿಸಿದರೆ ಜ್ಯಾ. 90 ಡಿಗ್ರಿಯನ್ನು 24 ಪಾಲು ಮಾಡಿ, 225 ಕಲೆಗಳಿಗೊಮ್ಮೆ, ಅಂದರೆ ಮೂರೂ ಮುಕ್ಕಾಲು ಡಿಗ್ರಿಗೊಮ್ಮೆ ಅದರ ಬೆಲೆ ಬರೆದಿಡುತ್ತಿದ್ದರು. ಮೆಟ್ಟಿಲು ಹತ್ತಿದಂತೆ ಪ್ರತಿ ಹೆಜ್ಜೆಗೂ ಜ್ಯಾ ಏರುತ್ತದೆ. ಆದರೆ ಮೇಲೆ ಹೋದಂತೆ ಮೆಟ್ಟಿಲು ಗಿಡ್ಡವಾಗುತ್ತ ಬರುತ್ತದೆ. ಉದಾಹರಣೆಗೆ 60 ಡಿಗ್ರಿಯಲ್ಲಿ ನಿಂತರೆ, ಹತ್ತಿ ಬಂದ ಮೆಟ್ಟಿಲಿನ ಎತ್ತರ ಸುಮಾರು 119, ಮುಂದೆ ಹತ್ತಬೇಕಾದದ್ದು ಸುಮಾರು 106. ಹಾಗಾದರೆ ನಿಂತ ಸ್ಥಳದಲ್ಲಿಯೇ ಏರಿಕೆ ಎಷ್ಟು? ಭಾಸ್ಕರರ ಸೂತ್ರ ಸರಳವಾಗಿದೆ: ಆ ಸ್ಥಳದ ಕೋಟಿಜ್ಯಾವನ್ನು, ಅಂದರೆ ಕೊಸೈನನ್ನು, 225ರಿಂದ ಗುಣಿಸಿ 3438ರಿಂದ ಭಾಗಿಸಿ. 60 ಡಿಗ್ರಿಗೆ ಕೋಟಿಜ್ಯಾ 1719, ಉತ್ತರ 112.5. ಹಿಂದಿನ ಮೆಟ್ಟಿಲಿಗೂ ಮುಂದಿನದಕ್ಕೂ ನಡುವೆ, ಸರಿಯಾಗಿ ಬೇಕಾದಲ್ಲಿ ಅದು ಬಂದು ಕೂರುತ್ತದೆ. ಸೈನ್‌ನ ಅವಕಲನ ಕೊಸೈನ್ ಎಂದು ಇಂದಿನ ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದು ಇದನ್ನೇ. 932ರಲ್ಲಿ ಲಘುಮಾನಸ ಬರೆದ ಮುಂಜಾಲರಲ್ಲಿಯೂ ಇದೇ ರೀತಿಯ ಸೂತ್ರ ಸಿಗುತ್ತದೆ. ಆದರೆ ಅದರ ಹಿಂದಿನ ಕಾರಣವನ್ನು ಬಿಡಿಸಿ ಹೇಳಿ, ಸ್ಥೂಲವೆಂದೂ ತಾತ್ಕಾಲಿಕವೆಂದೂ ಹೆಸರಿಟ್ಟು ನಿಲ್ಲಿಸಿದ ಕೀರ್ತಿ ಭಾಸ್ಕರರದು.

ಇನ್ನೊಂದು ಸಂಗತಿಯನ್ನೂ ಅವರು ಗಮನಿಸಿದರು. ಗ್ರಹದ ಸರಾಸರಿ ಸ್ಥಾನಕ್ಕೂ ನಿಜವಾದ ಸ್ಥಾನಕ್ಕೂ ಇರುವ ಅಂತರ ಎಲ್ಲಿ ಅತ್ಯಂತ ಹೆಚ್ಚಾಗುತ್ತದೆಯೋ, ಅಲ್ಲಿ ಗತಿಗೆ ಮಾಡಬೇಕಾದ ತಿದ್ದುಪಡಿ ಸೊನ್ನೆಯಾಗುತ್ತದೆ. ಏರಿಕೆ ಮುಗಿದು ಇಳಿಕೆ ಇನ್ನೂ ಆರಂಭವಾಗದ ಆ ನೆತ್ತಿಯ ಸ್ಥಳವನ್ನು ಹಿಂದಿನ ಲಲ್ಲಾಚಾರ್ಯರು ಬೇರೆ ಕಡೆ ಗುರುತಿಸಿದ್ದರು. ಭಾಸ್ಕರರು ಅದನ್ನು ತಿದ್ದಿದರು. ಲಲ್ಲರ ಇನ್ನೊಂದು ತಪ್ಪನ್ನೂ ಅವರು ಸುಮ್ಮನೆ ಬಿಡಲಿಲ್ಲ. ಗೋಳದ ಮೇಲ್ಮೈ ತಿಳಿಯಲು ವೃತ್ತದ ಕ್ಷೇತ್ರಫಲವನ್ನು ಪರಿಧಿಯಿಂದ ಗುಣಿಸಬೇಕೆಂದು ಲಲ್ಲರು ಹೇಳಿದ್ದರು. ಭಾಸ್ಕರರು ನೆಲ್ಲಿಕಾಯಿಯ ತೊಳೆಗಳಂತೆ ಗೋಳವನ್ನು ಮೇಲಿನಿಂದ ಕೆಳಕ್ಕೆ 96 ಪಾಲುಗಳಾಗಿ ಗೀರಿ, ಒಂದು ತೊಳೆಯ ಮೇಲ್ಮೈಯನ್ನು ಚೂರುಚೂರಾಗಿ ಕೂಡಿಸಿ, ಒಟ್ಟು ಮೇಲ್ಮೈ ಪರಿಧಿಯನ್ನು ವ್ಯಾಸದಿಂದ ಗುಣಿಸಿದಷ್ಟೇ ಎಂದು ತೋರಿಸಿಕೊಟ್ಟರು. ಚೆಂಡಿಗೆ ಬಲೆ ಹೊದಿಸಿದಂತೆ, ಅಂಥದೇ ವೃತ್ತದ ನಾಲ್ಕು ಪಟ್ಟು. ಚೂರುಗಳನ್ನು ಇನ್ನೂ ಚಿಕ್ಕದು ಮಾಡುತ್ತ ಹೋಗಿ ಮಿತಿಯನ್ನು ತಲುಪುವ ಕೊನೆಯ ಹೆಜ್ಜೆಯನ್ನು ಅವರು ಇಡಲಿಲ್ಲ, 96ಕ್ಕೆ ನಿಂತರು.

ಇದರಿಂದಾಗಿ ಭಾಸ್ಕರರೇ ಕಲನಶಾಸ್ತ್ರವನ್ನು ಕಂಡುಹಿಡಿದರು, ನ್ಯೂಟನ್ ಅಲ್ಲ ಎಂಬ ಸಂದೇಶಗಳು ನಮ್ಮ ಮೊಬೈಲುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಈ ಚರ್ಚೆ ಮೊಬೈಲಿಗಿಂತ ಬಹಳ ಹಳೆಯದು. 1858ರಲ್ಲಿ ಕಾಶಿಯ ಪಂಡಿತ ಬಾಪೂದೇವ ಶಾಸ್ತ್ರಿಗಳು ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಭಾಸ್ಕರರಿಗೆ ಅವಕಲನದ ತತ್ತ್ವ ಗೊತ್ತಿತ್ತೆಂದು ಬರೆದರು. 1860ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಸ್ಪಾಟಿಸ್‌ವುಡ್ ಅದನ್ನು ಪರಿಶೀಲಿಸಿ, ಹೋಲಿಕೆ ಇರುವುದು ನಿಜ, ಆದರೆ ಪೂರ್ಣ ವಿಧಾನ ಅಲ್ಲಿಲ್ಲ ಎಂಬ ಅಭಿಪ್ರಾಯಕ್ಕೆ ಬಂದರು. ನನಗೆ ಇಬ್ಬರ ಮಾತಿನಲ್ಲಿಯೂ ಸತ್ಯ ಕಾಣುತ್ತದೆ. ಭಾಸ್ಕರರು ಕ್ಷಣದ ಗತಿಯನ್ನು ಕಂಡದ್ದು, ಅದಕ್ಕೆ ಸರಿಯಾದ ಸೂತ್ರ ಕೊಟ್ಟದ್ದು ನಿರ್ವಿವಾದ. ಆದರೆ ಅದು ಗ್ರಹಗಳಿಗೆ ಮಾತ್ರ, ಜ್ಯಾಕ್ಕೆ ಮಾತ್ರ. ಯಾವುದೇ ವಕ್ರರೇಖೆಗೂ ಹೊಂದುವ ಸಾಮಾನ್ಯ ವಿಧಾನ ಹದಿನೇಳನೆಯ ಶತಮಾನದಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್ ಅವರಿಂದ ಬಂದಿತು. ಅದಕ್ಕೂ ಮೊದಲೇ ಹದಿನಾಲ್ಕನೆಯ ಶತಮಾನದಲ್ಲಿ ಕೇರಳದ ಸಂಗಮಗ್ರಾಮದ ಮಾಧವರು ಮತ್ತು ಅವರ ಶಿಷ್ಯಪರಂಪರೆಯವರು 96ಕ್ಕೆ ನಿಲ್ಲದೆ ಚೂರುಗಳನ್ನು ಕೊನೆಯಿಲ್ಲದಷ್ಟು ಚಿಕ್ಕದು ಮಾಡುತ್ತ ಹೋಗಿ ಅನಂತ ಶ್ರೇಢಿಗಳನ್ನು ಪಡೆದಿದ್ದರು. ಇನ್ನು ಮಿತಿ ಎಂಬ ಪದಕ್ಕೆ ಗಟ್ಟಿಯಾದ ತಳಪಾಯ ಹಾಕಿದವರು 1821ರಲ್ಲಿ ಫ್ರಾನ್ಸಿನ ಕೋಶಿ, ಆಮೇಲೆ ಜರ್ಮನಿಯ ವಯರ್‌ಸ್ಟ್ರಾಸ್. ನ್ಯೂಟನ್ನರಿಗೂ ಸೊನ್ನೆಯ ಮೇಲಿನ ಸೊನ್ನೆಯನ್ನು ಸಂಶಯಕ್ಕೆ ಎಡೆಯಿಲ್ಲದಂತೆ ವಿವರಿಸಲಾಗಿರಲಿಲ್ಲ ಎಂಬುದನ್ನು ತಿಳಿದಾಗ ನನ್ನ ಮಗಳಿಗೆ ಬಹಳ ಸಮಾಧಾನವಾಯಿತು.

ಬೀಜಗಣಿತದ ಚಕ್ರವಾಲ ವಿಧಾನದ ಬಗ್ಗೆ ಬರೆದರೆ ಇನ್ನೊಂದು ಲೇಖನವಾಗುತ್ತದೆ. ಒಂದು ಮಾತು ಸಾಕು: ಒಂದು ಪೂರ್ಣಾಂಕದ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಮತ್ತೊಂದು ಪೂರ್ಣವರ್ಗ ಬರಬೇಕು. 1657ರಲ್ಲಿ ಫರ್ಮಾ ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಒಡ್ಡಿದ ಈ ಪ್ರಶ್ನೆಗೆ ಅತಿ ಚಿಕ್ಕ ಉತ್ತರ 22,61,53,980. ಐನೂರು ವರ್ಷ ಹಿಂದೆಯೇ ಭಾಸ್ಕರರು ಅದನ್ನು ಕೆಲವೇ ಸಾಲುಗಳಲ್ಲಿ ತೆಗೆದಿಟ್ಟಿದ್ದರು.

ಸಿದ್ಧಾಂತಶಿರೋಮಣಿಯ ನಂತರವೂ ಅವರ ಕೈ ಸುಮ್ಮನಿರಲಿಲ್ಲ. 1183ರಲ್ಲಿ, ಅರವತ್ತೊಂಬತ್ತರ ವಯಸ್ಸಿನಲ್ಲಿ, ಕರಣಕುತೂಹಲವೆಂಬ ಗ್ರಂಥವನ್ನು ಬರೆದರು. ಸಿದ್ಧಾಂತದ ಕಷ್ಟದ ಲೆಕ್ಕಗಳನ್ನು ಪಂಚಾಂಗ ಬರೆಯುವವರು ಸುಲಭವಾಗಿ ಮಾಡಿಕೊಳ್ಳಲೆಂದು ರಚಿಸಿದ ಕೈಪಿಡಿ ಅದು. ದೊಡ್ಡ ಶಾಸ್ತ್ರ ಬರೆದವರು ಮುಪ್ಪಿನಲ್ಲಿ ಊರಿನ ಜೋಯಿಸರಿಗಾಗಿ ಕೈಪಿಡಿ ಬರೆದರೆಂಬುದು ನನಗೆ ಅವರ ಮೇಲಿನ ಗೌರವವನ್ನು ಹೆಚ್ಚಿಸಿದೆ. ಅಷ್ಟರಲ್ಲಿ ಕಲ್ಯಾಣದಲ್ಲಿ ಏನೇನೋ ನಡೆದುಹೋಗಿತ್ತು. ಬಿಜ್ಜಳ ಸಿಂಹಾಸನ ಹಿಡಿದಿದ್ದ, ಬಸವಣ್ಣನವರ ಕ್ರಾಂತಿಯಾಗಿತ್ತು, ಚಾಲುಕ್ಯರ ಹಿಡಿತ ಸಡಿಲವಾಗಿತ್ತು. ಚಂದ್ರನ ಗತಿಯ ಲೆಕ್ಕ ಮಾತ್ರ ನಡೆದೇ ಇತ್ತು.

ಮಗ ಲಕ್ಷ್ಮೀಧರನೂ ದೊಡ್ಡ ವಿದ್ವಾಂಸನಾದ. ಯಾದವ ರಾಜ ಜೈತ್ರಪಾಲ ಅವನನ್ನು ಪಾಟಣದಿಂದ ಕರೆಸಿಕೊಂಡು ತನ್ನ ವಿದ್ವಾಂಸರ ಮುಖ್ಯಸ್ಥನನ್ನಾಗಿ ಮಾಡಿದ. ಮೊಮ್ಮಗ ಚಂಗದೇವ ದೇವಗಿರಿಯ ಸಿಂಘಣನ ಆಸ್ಥಾನದಲ್ಲಿ ಪ್ರಧಾನ ಜ್ಯೋತಿಷಿ. ಅಜ್ಜನ ಗ್ರಂಥಗಳನ್ನು ಪಾಠ ಹೇಳಲೆಂದೇ ಈ ಚಂಗದೇವ ಪಾಟಣದಲ್ಲಿ ಒಂದು ಮಠ ಸ್ಥಾಪಿಸಿದ. 1207ರ ಶ್ರಾವಣದ ಚಂದ್ರಗ್ರಹಣದಂದು ನಿಕುಂಭ ವಂಶದ ಸೋಯಿದೇವನು ಅದಕ್ಕೆ ದತ್ತಿ ಕೊಟ್ಟುದನ್ನು ಅಲ್ಲಿಯ ಶಾಸನ ದಾಖಲಿಸುತ್ತದೆ. ಗ್ರಹಣವನ್ನು ಲೆಕ್ಕ ಹಾಕುವ ಮನೆತನಕ್ಕೆ ಗ್ರಹಣದ ದಿನವೇ ದಾನ! ಶಾಸನದ ಹೆಚ್ಚಿನ ಭಾಗ ಸಂಸ್ಕೃತ. ಕೊನೆಯಲ್ಲಿ ಹಳೆಯ ಮರಾಠಿಯ ಸಾಲುಗಳಿವೆ. ಶತಮಾನಗಳ ಬಳಿಕ ಮುಂಬಯಿಯ ವೈದ್ಯ, ವಿದ್ವಾಂಸ ಡಾ. ಭಾವು ದಾಜಿಯವರು ಅದನ್ನು ಬೆಳಕಿಗೆ ತಂದು 1865ರಲ್ಲಿ ಪ್ರಕಟಿಸಿದರು. ನಮ್ಮ ಬೆಂಗಳೂರಿನ ಇಸ್ರೋ 1979ರ ಜೂನ್ 7ರಂದು ಹಾರಿಸಿದ ಉಪಗ್ರಹಕ್ಕೆ ಭಾಸ್ಕರ ಎಂದೇ ಹೆಸರಿಟ್ಟಿತು. ಏಳನೆಯ ಶತಮಾನದಲ್ಲಿಯೂ ಒಬ್ಬ ಭಾಸ್ಕರರಿದ್ದರು; ಹೆಸರು ಇಬ್ಬರಿಗೂ ಸಲ್ಲುತ್ತದೆ.

ಬೇಸಗೆಯ ರಜೆಯಲ್ಲಿ ಎಲ್ಲೋರಾ, ಅಜಂತಾ ನೋಡಲು ಹೋಗುವ ನಮ್ಮ ನಗರದ ಕನ್ನಡ ಕುಟುಂಬಗಳು ಒಂದು ದಿನ ಹೆಚ್ಚು ಇಟ್ಟುಕೊಂಡರೆ ಪಾಟಣವನ್ನೂ ನೋಡಿಬರಬಹುದು. ಕಾಚಿಗುಡದಿಂದ ಹೊರಟು ನಮ್ಮ ಮಲ್ಕಾಜ್‌ಗಿರಿಯ ಮೂಲಕ ಹಾದುಹೋಗುವ ರೈಲುದಾರಿಯೇ ನಿಜಾಮಾಬಾದ್, ನಾಂದೇಡ್ ದಾಟಿ ಮನ್ಮಾಡ್ ಸೇರುತ್ತದೆ. ಅಲ್ಲಿ ಗಾಡಿ ಬದಲಾಯಿಸಿ ಭುಸಾವಳದ ಕಡೆಗೆ ಹೊರಟರೆ ಚಾಳೀಸಗಾಂವ್. ಅಲ್ಲಿಂದ ಇಪ್ಪತ್ತು ಕಿಲೋಮೀಟರಿನೊಳಗೆ, ಗೌತಾಳಾ ಅಭಯಾರಣ್ಯದ ಬೆಟ್ಟಗಳ ಬುಡದಲ್ಲಿ ಪಾಟಣಾದೇವಿಯ ದೇವಾಲಯವಿದೆ. ಮಗಳ ಪರೀಕ್ಷೆ ಮುಗಿದ ಮೇಲೆ ನಾವು ಹೋಗಬೇಕೆಂದಿದ್ದೇವೆ.